ಒಡಪು ಹೇಳೋಣ, ಹೆಸರು ಬರೆಯೋಣ



ಹಿಂದಿನ ಪಾಠಗಳಲ್ಲಿ ನಾವು ಒತ್ತಕ್ಷರ ಕಲಿತೆವು. ಟ್ಟ, ಲ್ಲ, ಳ್ಳ, ಪ್ಪ, ವ್ವ ಬರೆದೆವು. ಈ ಪಾಠದಲ್ಲಿ ಅದೇ ಅಕ್ಷರ ಹಿಡಿದು ಒಂದು ಆಟ ಆಡೋಣ. ಆಟ ಹೊಸದಲ್ಲ. ನಿಮ್ಮ ಅವ್ವ ಆಡಿದ ಆಟ, ನಿಮ್ಮ ಅಜ್ಜಿ ಆಡಿದ ಆಟ. ಇದರ ಹೆಸರು ಒಡಪು.

ಬರ್ರಿ, ಮೊದಲು ಓದೋಣ. ಆಮೇಲೆ ಆಡೋಣ.

1. ಹೊಸ್ತಿಲ ಮುಂದಿನ ಆಟ

ಮದುವೆ ಮುಗಿದಿದೆ. ಹೊಸ ಸೊಸೆ ಗಂಡನ ಮನೆಗೆ ಬಂದಿದ್ದಾಳೆ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇದೆ. ಸೊಸೆ ಅದನ್ನು ಬಲಗಾಲಿನಿಂದ ಒದ್ದು ಒಳಗೆ ಬರಬೇಕು. ಆದರೆ ನಾದಿನಿ ಬಾಗಿಲಿಗೆ ಅಡ್ಡ ನಿಂತಿದ್ದಾಳೆ. ಏನು ಮಾಡಿದರೂ ಬಿಡುವುದಿಲ್ಲ.

"ಹೆಸರು ಹೇಳು, ಒಳಗ ಬಾ" ಅನ್ನುತ್ತಾಳೆ.

ಯಾರ ಹೆಸರು? ಗಂಡನ ಹೆಸರು. ಸುಮ್ಮನೆ ಹೆಸರು ಹೇಳಿದರೆ ನಡೆಯುವುದಿಲ್ಲ. ಒಡಪು ಕಟ್ಟಿ ಹೇಳಬೇಕು. ಸೊಸೆ ನಾಚುತ್ತಾಳೆ. ಸುತ್ತ ನಿಂತವರು ನಗುತ್ತಾರೆ. ಕೊನೆಗೆ ಆಕೆ ತಲೆ ತಗ್ಗಿಸಿ ಹೇಳುತ್ತಾಳೆ:

ಒಲಿಯ ಮ್ಯಾಲ ಹಂಚು, ಹಂಚಿನ ಮ್ಯಾಲ ರೊಟ್ಟಿ,
________ ಅವರ ಹೆಸರು ಹೇಳ್ತೀನಿ, ಮನಸು ಮಾಡಿ ಗಟ್ಟಿ.

ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನಾದಿನಿ ದಾರಿ ಬಿಡುತ್ತಾಳೆ.

ಗೆರೆ ಎಳೆದ ಜಾಗ ನೋಡಿದಿರಾ? ಅಲ್ಲಿ ಹೆಸರು ಬರಬೇಕು. ಈ ಪಾಠದಲ್ಲಿ ನಾವು ಯಾರ ಹೆಸರನ್ನೂ ಬರೆದಿಲ್ಲ. ಅದು ನೀವು ಬರೆಯುವ ಜಾಗ. ಪೆನ್ಸಿಲ್ ಕೈಯಲ್ಲಿ ಇರಲಿ.

2. ಒಡಪು ಅಂದರೆ ಏನು?

ಬೆಳಗಾವಿ, ಧಾರವಾಡ, ವಿಜಯಪುರ, ಬಾಗಲಕೋಟೆ, ಗದಗ ಈ ಕಡೆ ಒಡಪು ಅನ್ನುತ್ತೇವೆ. ಮೈಸೂರು ಕಡೆ ಒಗಟು ಅನ್ನುತ್ತಾರೆ. ಮಹಾರಾಷ್ಟ್ರದಲ್ಲೂ ಹೆಂಗಸರು ಹೀಗೇ ಗಂಡನ ಹೆಸರು ಹೇಳುತ್ತಾರೆ. ಅಲ್ಲಿ ಅದಕ್ಕೆ ಉಖಾಣೆ ಎಂದು ಹೆಸರು.

ಒಡಪು ಎಂಬ ಮಾತಿನಲ್ಲಿ 'ಒಡೆ' ಎಂಬ ಮಾತು ಅಡಗಿದೆ. ತೆಂಗಿನಕಾಯಿ ಒಡೆದರೆ ಒಳಗಿನ ಕೊಬ್ಬರಿ ಕಾಣುತ್ತದೆ. ಒಡಪು ಒಡೆದರೆ ಒಳಗಿನ ಅರ್ಥ ಕಾಣುತ್ತದೆ. ಅದಕ್ಕೇ ಹಿರಿಯರು "ಒಡಪು ಒಡಿ ನೋಡೋಣ" ಅನ್ನುತ್ತಿದ್ದರು.

ಒಡಪಿನಲ್ಲಿ ಎರಡು ಬಗೆ ಇವೆ.

ಒಂದು, ಒಡೆಯುವ ಒಡಪು. ಇದರಲ್ಲಿ ಒಂದು ವಸ್ತುವನ್ನು ಮುಚ್ಚಿ ಇಟ್ಟಿರುತ್ತಾರೆ. ನಾವು ಅದನ್ನು ಹುಡುಕಬೇಕು. ಇದನ್ನು ಓದಿ ನೋಡಿ:

ಬಾಯಿಲ್ಲ, ಆದರೂ ಸುದ್ದಿ ಹೇಳತೈತಿ.
ಕಾಲಿಲ್ಲ, ಆದರೂ ಊರಿಂದ ಊರಿಗೆ ಹೋಗತೈತಿ.

ಯಾವುದು ಹೇಳಿ? ಅಂಚೆಯಲ್ಲಿ ಬರುವ ಕಾಗದ.

ಎರಡು, ಹೆಸರಿನ ಒಡಪು. ಇದರಲ್ಲಿ ಹುಡುಕುವುದು ಏನೂ ಇಲ್ಲ. ಹೆಸರು ಎಲ್ಲರಿಗೂ ಗೊತ್ತು. ಆದರೂ ಅದನ್ನು ಕೊನೆಯ ತನಕ ಮುಚ್ಚಿ ಇಡುತ್ತಾರೆ. ರೊಟ್ಟಿ, ಹಂಚು, ಹಳ್ಳ, ಹೊಲ ಎಲ್ಲ ಸುತ್ತಿ ಬಂದು ಆಮೇಲೆ ಹೆಸರು ಹೇಳುತ್ತಾರೆ. ಕಾಯಿಸಿ ಹೇಳುವುದರಲ್ಲೇ ಇದರ ರುಚಿ ಇದೆ.

ಬರೇ ಮದುವೆಯಲ್ಲಿ ಅಲ್ಲ. ಕುಬಸದಲ್ಲಿ, ತೊಟ್ಟಿಲಿಗೆ ಹಾಕುವ ದಿನ, ಉಡಿ ತುಂಬುವಾಗ, ಆರತಿ ಮಾಡುವಾಗ ಒಡಪು ಹೇಳಿಸುತ್ತಾರೆ. ಭೂಮದ ಊಟಕ್ಕೆ ಕೂತಾಗ ಗಂಡು ಹೆಣ್ಣು ಇಬ್ಬರಿಂದಲೂ ಹೇಳಿಸುತ್ತಾರೆ. ಗಂಡನಿಗೂ ಬಿಡುಗಡೆ ಇಲ್ಲ. ಅವನೂ ಹೆಂಡತಿಯ ಹೆಸರು ಹೇಳಬೇಕು:

ಎತ್ತಿಗೆ ಬೇಕು ಜೂಲ, ಬಂಡಿಗೆ ಬೇಕು ಕೀಲ,
________ ಬಂದ ಮ್ಯಾಲ ನಮ್ಮ ಮನಿಗಿಲ್ಲ ಸಾಲ.

ಸಾಲ ಇಲ್ಲದ ಮನೆ ಎಲ್ಲಿದೆ ಎಂದು ಕೇಳಬೇಡಿ. ಒಡಪಿನಲ್ಲಿ ಸ್ವಲ್ಪ ಹೆಚ್ಚು ಹೇಳಿದರೆ ತಪ್ಪಿಲ್ಲ.

3. ಒಡಪು ಕಟ್ಟುವುದು ಹೇಗೆ?

ಮೊದಲ ಒಡಪನ್ನು ಇನ್ನೊಮ್ಮೆ ಓದಿ. ಎರಡು ಸಾಲು ಇವೆ. ಮೊದಲ ಸಾಲಿನ ಕೊನೆಯ ಪದ ಯಾವುದು? ರೊಟ್ಟಿ. ಎರಡನೆಯ ಸಾಲಿನ ಕೊನೆಯ ಪದ? ಗಟ್ಟಿ. ಎರಡನ್ನೂ ಒಂದರ ಕೆಳಗೆ ಒಂದು ಬರೆಯಿರಿ.

ರೊಟ್ಟಿ
ಗಟ್ಟಿ

ಮೊದಲ ಅಕ್ಷರ ಬೇರೆ. ಎರಡನೆಯ ಅಕ್ಷರ ಒಂದೇ. ಎರಡರಲ್ಲೂ ಟ್ಟಿ ಇದೆ. ಹೀಗೆ ಒಂದೇ ಅಕ್ಷರ ಮತ್ತೆ ಮತ್ತೆ ಬಂದರೆ ಅದಕ್ಕೆ ಪ್ರಾಸ ಎನ್ನುತ್ತಾರೆ. ಸಾಲಿನ ಕೊನೆಗೆ ಬಂದರೆ ಅಂತ್ಯಪ್ರಾಸ. ಅಂತ್ಯ ಅಂದರೆ ಕೊನೆ.

ಗಂಡು ಹೇಳಿದ ಒಡಪು ನೋಡಿ. ಜೂಲ, ಕೀಲ, ಸಾಲ. ಮೂರರಲ್ಲೂ ಕೊನೆಗೆ ಲ ಇದೆ. ಎತ್ತಿನ ಬೆನ್ನ ಮೇಲಿನ ಬಟ್ಟೆಗೂ ಮನೆಯ ಸಾಲಕ್ಕೂ ಏನು ಸಂಬಂಧ? ಏನೂ ಇಲ್ಲ. ಆದರೂ ಲ ಅಕ್ಷರ ಅವನ್ನು ಒಂದು ದಾರದಲ್ಲಿ ಪೋಣಿಸಿತು.

ಒಡಪು ಕಟ್ಟುವವರು ಹೇಗೆ ಕಟ್ಟುತ್ತಾರೆ ಗೊತ್ತೇ? ಮೊದಲು ಕಣ್ಣಿಗೆ ಕಂಡದ್ದನ್ನು ಹಿಡಿಯುತ್ತಾರೆ. ಒಲೆ ಕಂಡರೆ ಒಲೆ, ಮಳೆ ಬಂದರೆ ಮಳೆ. ಆ ಸಾಲಿನ ಕೊನೆಯ ಪದಕ್ಕೆ ಹೊಂದುವ ಇನ್ನೊಂದು ಪದ ಹುಡುಕುತ್ತಾರೆ. ಅದನ್ನು ಎರಡನೆಯ ಸಾಲಿನ ಕೊನೆಗೆ ಇಡುತ್ತಾರೆ. ನಡುವೆ ಹೆಸರು ಕೂಡಿಸುತ್ತಾರೆ. ಇಷ್ಟೇ.

ಇನ್ನೊಂದು ಓದಿ:

ಮುಂಗಾರಿ ಮಳಿ ಬಂತು, ತುಂಬಿ ಹರೀತು ಹಳ್ಳ,
________ ಅವರ ಹೆಸರು ಹೇಳಾಕ ನಾಲಿಗಿಗಿಲ್ಲ ಮುಳ್ಳ.

ಹಳ್ಳ, ಮುಳ್ಳ. ಯಾವ ಅಕ್ಷರ ಎರಡು ಸಲ ಬಂತು? ಅದಕ್ಕೆ ಗೆರೆ ಎಳೆಯಿರಿ.

4. ಓದು ಬಾರದಿದ್ದರೂ ಕವಿತೆ ಬಂತು

ಕನ್ನಡದಲ್ಲಿ ನಮಗೆ ಸಿಕ್ಕಿರುವ ಪುಸ್ತಕಗಳಲ್ಲಿ ಎಲ್ಲಕ್ಕಿಂತ ಹಳೆಯದು 'ಕವಿರಾಜಮಾರ್ಗ'. ಕ್ರಿ.ಶ. 850ರ ಸುಮಾರಿಗೆ ಇದು ಹುಟ್ಟಿತು. ಅಂದರೆ ಸಾವಿರ ವರ್ಷಕ್ಕಿಂತ ಹಿಂದೆ. ಆಗ ನೃಪತುಂಗ ಎಂಬ ರಾಜ ಆಳುತ್ತಿದ್ದ. ಅವನ ರಾಜಧಾನಿ ಮಾನ್ಯಖೇಟ. ಈಗಿನ ಕಲಬುರಗಿ ಜಿಲ್ಲೆಯ ಮಳಖೇಡವೇ ಆ ಊರು. ಅವನ ಆಸ್ಥಾನದ ಶ್ರೀವಿಜಯ ಎಂಬ ಕವಿ ಈ ಪುಸ್ತಕ ಬರೆದ.

ಆ ಪುಸ್ತಕದಲ್ಲಿ ಕನ್ನಡ ನಾಡಿನ ಜನರ ಬಗ್ಗೆ ಒಂದು ಮಾತು ಬರುತ್ತದೆ. ಈ ನಾಡಿನ ಜನ ಕ್ರಮವಾಗಿ ಓದದೆ ಇದ್ದರೂ ಕವಿತೆ ಕಟ್ಟುವುದರಲ್ಲಿ ಜಾಣರು ಎಂದು ಅದರ ಅರ್ಥ.

ಈ ಮಾತನ್ನು ಇನ್ನೊಮ್ಮೆ ಓದಿ. ಓದದೆ ಇದ್ದರೂ ಜಾಣರು. ಸಾವಿರ ವರ್ಷದ ಹಿಂದೆಯೇ ಹಾಗೆ ಬರೆದು ಇಟ್ಟಿದ್ದಾರೆ.

ಆ ಕಾಲದ ಕವಿಗಳಿಗೂ ಪ್ರಾಸ ಬೇಕಿತ್ತು. ಅವರು ಸಾಲಿನ ಕೊನೆಗೆ ಅಲ್ಲ, ಮೊದಲಿಗೆ ಪ್ರಾಸ ಇಡುತ್ತಿದ್ದರು. ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕಿತ್ತು. ಒಂದು ಸಾಲು 'ಕಲ್ಲು' ಎಂದು ಶುರುವಾದರೆ ಮುಂದಿನದು 'ಬೆಲ್ಲ', ಅದರ ಮುಂದಿನದು 'ಮಲ್ಲಿಗೆ', ಆಮೇಲೆ 'ಎಲ್ಲರು' ಹೀಗೆ ಬರಬೇಕು. ಎಲ್ಲದರಲ್ಲೂ ಎರಡನೆಯ ಅಕ್ಷರದಲ್ಲಿ ಲ್ಲ ಇದೆ ನೋಡಿ. ಇದಕ್ಕೆ ಆದಿಪ್ರಾಸ ಎಂದು ಹೆಸರು. ಆದಿ ಅಂದರೆ ಮೊದಲು.

ರಾಜನ ಆಸ್ಥಾನದ ಕವಿ ಮಾಡುತ್ತಿದ್ದದ್ದು ಅಕ್ಷರ ಹೊಂದಿಸುವ ಕೆಲಸ. ಒಲೆಯ ಮುಂದೆ ಕೂತ ಅಜ್ಜಿ ಮಾಡುತ್ತಿದ್ದದ್ದೂ ಅದೇ ಕೆಲಸ. ಕವಿ ಬರೆದು ಇಟ್ಟ. ಅಜ್ಜಿ ಬಾಯಲ್ಲೇ ಇಟ್ಟಳು. ಕವಿಯ ಹೆಸರು ಉಳಿಯಿತು. ಅಜ್ಜಿಯ ಹೆಸರು ಉಳಿಯಲಿಲ್ಲ.

1931ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕ ಬಂತು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡು ಕೂಡಿಸಿ ಅಚ್ಚು ಹಾಕಿಸಿದರು. ಬೀಸುವ ಹಾಡು, ತವರಿನ ಹಾಡು, ಕೂಸಿನ ಹಾಡು ಎಲ್ಲ ಉಳಿದವು. ದೊಡ್ಡ ಕೆಲಸ ಅದು. ಆದರೆ ಇಂಥ ಹಾಡು ಮೊದಲು ಕಟ್ಟಿದ ಅವ್ವ ಯಾರು ಎಂದು ಹೇಳಲಾಗುವುದಿಲ್ಲ. ಕಟ್ಟಿದವರು ಬರೆಯಲಿಲ್ಲ. ಬರೆಯಲು ಅವರಿಗೆ ಯಾರೂ ಕಲಿಸಿರಲಿಲ್ಲ.

ಕರ್ನಾಟಕದಲ್ಲಿ 1991ರ ಜನಗಣತಿಯಲ್ಲಿ ನೂರು ಹೆಣ್ಣುಮಕ್ಕಳಲ್ಲಿ ಸುಮಾರು 44 ಮಂದಿಗೆ ಓದು ಬರಹ ಬರುತ್ತಿತ್ತು. 2011ರ ಜನಗಣತಿಯಲ್ಲಿ ಸುಮಾರು 68 ಮಂದಿಗೆ ಬರುತ್ತಿತ್ತು. ಏರಿದ್ದು ಸಂತೋಷ. ಆದರೂ ಆಗ 32 ಮಂದಿ ಉಳಿದಿದ್ದರು. ಆ 32 ಮಂದಿ ದಡ್ಡರೇ? ಒಡಪು ಹೇಳುವವರನ್ನು ಯಾರಾದರೂ ದಡ್ಡರು ಅನ್ನಬಹುದೇ? ಅವರಲ್ಲಿ ಪದ ಇತ್ತು, ಪ್ರಾಸ ಇತ್ತು, ನಗೆ ಇತ್ತು. ಇಲ್ಲದ್ದು ಬರಹ ಒಂದೇ.

5. ಹೆಸರು ಯಾಕೆ ಹೇಳುತ್ತಿರಲಿಲ್ಲ?

ಈಗ ಒಂದು ಪ್ರಶ್ನೆ. ಗಂಡನ ಹೆಸರು ಹೇಳಲು ಇಷ್ಟು ಸುತ್ತು ಯಾಕೆ? ನೇರವಾಗಿ ಯಾಕೆ ಹೇಳಬಾರದು?

ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ಹಿಂದಿನವರು ನಂಬಿದ್ದರು. ಅದಕ್ಕೇ "ನಮ್ಮ ಮನ್ಯಾವ್ರು", "ನಮ್ಮ ಯಜಮಾನ್ರು", "ನಮ್ಮ ಹುಡುಗನ ಅಪ್ಪ" ಅನ್ನುತ್ತಿದ್ದರು. ಈಗಲೂ ಅನೇಕರು ಹಾಗೇ ಅನ್ನುತ್ತಾರೆ. ಗಂಡಸರೂ ಹೆಂಡತಿಯ ಹೆಸರು ಹಿಡಿದು ಕರೆಯುವುದು ಕಡಿಮೆ. "ಏ, ಬಾ ಇಲ್ಲೆ" ಅಂದರೆ ಮುಗಿಯಿತು.

ಹೆಸರು ಹೇಳಿದರೆ ಆಯಸ್ಸು ಕಡಿಮೆ ಆಗುತ್ತದೆಯೇ? ಯೋಚನೆ ಮಾಡಿ. ಆ ಮನುಷ್ಯನನ್ನು ಅವನ ಅವ್ವ ಹೆಸರು ಹಿಡಿದು ಕರೆಯುತ್ತಾಳೆ. ಗೆಳೆಯರು ಕರೆಯುತ್ತಾರೆ. ಸೊಸೈಟಿಯಲ್ಲಿ ಕೂಗುತ್ತಾರೆ. ಏನೂ ಆಗುವುದಿಲ್ಲ. ಹೆಂಡತಿ ಹೇಳಿದರೆ ಮಾತ್ರ ಹೇಗೆ ಆಗುತ್ತದೆ? ಆಯಸ್ಸು ಹೆಚ್ಚುವುದು ಒಳ್ಳೆಯ ಊಟದಿಂದ, ಶುದ್ಧ ನೀರಿನಿಂದ, ಸಮಯಕ್ಕೆ ಸಿಕ್ಕ ಔಷಧಿಯಿಂದ. ಗೌರವ ಬೇರೆ, ಅಂಜಿಕೆ ಬೇರೆ. ಗೌರವ ಇಟ್ಟುಕೊಂಡೇ ಹೆಸರು ಹೇಳಬಹುದು. "ಅವರ" ಎಂದು ಸೇರಿಸಿದರೆ ಆಯಿತು. ಒಡಪಿನಲ್ಲಿ ಹಾಗೇ ಅಲ್ಲವೇ ಹೇಳುವುದು?

ನಮ್ಮ ಅಜ್ಜಿಯರು ಈ ಕಟ್ಟಿನ ಒಳಗೇ ಒಂದು ಕಿಂಡಿ ಮಾಡಿಕೊಂಡರು. ಹೆಸರು ಹೇಳಬಾರದು ಅಂದರು. ಇವರು ಹಾಡಿನಂತೆ ಹೇಳಿದರು. ಬರೇ ಹೆಸರಲ್ಲ, ಬೇರೆ ದಿನ ಹೇಳಲಾಗದ ಮಾತನ್ನೂ ಹೇಳಿದರು. ಇದನ್ನು ಓದಿ:

ಸಂತಿಗೆ ಹೋಗಿ ತಂದಾರ ನೋಡ್ರಿ ಬರೇ ಬದನಿಕಾಯಿ,
________ ಅವರಿಗೆ ಹೇಳಿ ಹೇಳಿ ಸೋತೈತ್ರಿ ನನ್ನ ಬಾಯಿ.

ಅತ್ತೆ ಮಾವ ಎದುರಿಗೆ ಕೂತಿದ್ದಾರೆ. ಗಂಡನೂ ಇದ್ದಾನೆ. ಬೇರೆ ದಿನ ಈ ಮಾತು ಆಡಿದರೆ ಜಗಳ. ಒಡಪಿನಲ್ಲಿ ಆಡಿದರೆ ನಗೆ. ಮಾತು ಮುಟ್ಟಬೇಕಾದವರಿಗೆ ಮುಟ್ಟಿತು.

6. ಒಡಪು ನಡೆಯದ ಜಾಗ

ಆದರೆ ಕೆಲವು ಕಡೆ ಒಡಪು ನಡೆಯುವುದಿಲ್ಲ. ಬ್ಯಾಂಕಿನಲ್ಲಿ ಹೀಗೆ ಆಗುವುದುಂಟು:

ಗುಮಾಸ್ತರು: ಅವ್ವಾರ, ಯಜಮಾನರ ಹೆಸರೇನ್ರಿ?
ಅವ್ವ: ಆ ಕಾಗದದಾಗ ಐತೆಲ್ರಿ, ನೋಡಿಕೊಳ್ರಿ.
ಗುಮಾಸ್ತರು: ಎರಡು ಕಾಗದದಾಗ ಎರಡು ತರ ಐತ್ರಿ. ಯಾವುದು ಖರೇ?
ಅವ್ವ: (ಪಕ್ಕಕ್ಕೆ ತಿರುಗಿ) ಏ ತಮ್ಮಾ, ನೀನ ಹೇಳಪ್ಪಾ ಒಂಚೂರು.

ತಮ್ಮ ಹೇಳಿದ. ಗುಮಾಸ್ತರು ತಮಗೆ ಕೇಳಿಸಿದಂತೆ ಬರೆದರು. ಅವ್ವ ಹೆಬ್ಬೆಟ್ಟು ಒತ್ತಿದಳು. ಬರೆದದ್ದು ಸರಿಯೋ ತಪ್ಪೋ ಯಾರೂ ಓದಿ ಹೇಳಲಿಲ್ಲ.

ಹೆಸರು ಒಂದು ಅಕ್ಷರ ತಪ್ಪಿದರೆ ಏನಾಗುತ್ತದೆ? ಬಾಯಲ್ಲಿ ಶಾಂತವ್ವ ಅಂದರೂ ಸಾಂತವ್ವ ಅಂದರೂ ಆಕೆಯೇ ಓಗೊಡುತ್ತಾಳೆ. ಕಾಗದದ ಮೇಲೆ ಹಾಗಲ್ಲ. ಅಲ್ಲಿ ಶಾಂತವ್ವ ಬೇರೆ, ಸಾಂತವ್ವ ಬೇರೆ. ಮಲ್ಲವ್ವ ಬೇರೆ, ಮಲ್ಲಮ್ಮ ಬೇರೆ. ಹನುಮವ್ವ ಬೇರೆ, ಅನುಮವ್ವ ಬೇರೆ. ಆಧಾರ್ ಕಾರ್ಡಿನಲ್ಲಿ ಒಂದು, ಬ್ಯಾಂಕ್ ಪುಸ್ತಕದಲ್ಲಿ ಇನ್ನೊಂದು ಇದ್ದರೆ ಬರಬೇಕಾದ ಹಣ ನಿಲ್ಲಬಹುದು. ಆಮೇಲೆ ತಿದ್ದಿಸಲು ನಾಲ್ಕು ಸಲ ಓಡಾಟ. ಓಡಾಡಿದ ದಿನದ ಕೂಲಿ ಯಾರು ಕೊಡುತ್ತಾರೆ?

ಇನ್ನೊಂದು ಮಾತು ಹೇಳಬೇಕು. ಇದು ನೋವಿನ ಮಾತು. ಆರತಿಯ ದಿನ ಒಡಪು ಹೇಳು ಎಂದು ಮುತ್ತೈದೆಯರನ್ನು ಮಾತ್ರ ಕೇಳುತ್ತಾರೆ. ಗಂಡ ತೀರಿಕೊಂಡವಳನ್ನು ಕೇಳುವುದಿಲ್ಲ. ಆಕೆಗೆ ನೂರು ಒಡಪು ಬರುತ್ತಿರಬಹುದು. ಆದರೂ ಆಕೆ ಹಿಂದೆ, ಗೋಡೆಗೆ ಒರಗಿ ಕೂತಿರುತ್ತಾಳೆ.

ಆದರೆ ಗಂಡನ ಹೆಸರು ಎಲ್ಲರಿಗಿಂತ ಹೆಚ್ಚು ಬೇಕಾಗುವುದು ಆಕೆಗೇ. ಸಾವು ನೋಂದಾಯಿಸಬೇಕು. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಸಾವು ಆದ 21 ದಿನದ ಒಳಗೆ ತಿಳಿಸಬೇಕು. ವಿಧವಾ ವೇತನಕ್ಕೆ ಆ ಮರಣ ಪತ್ರ ಬೇಕು. ಹೊಲ ಅವಳ ಹೆಸರಿಗೆ ಆಗಬೇಕಾದರೂ ಅದೇ ಪತ್ರ ಬೇಕು. ಅದರಲ್ಲಿ ಗಂಡನ ಹೆಸರು ಪಹಣಿಯಲ್ಲಿ ಇದ್ದಂತೆಯೇ ಇರಬೇಕು. ಒಂದು ಅಕ್ಷರ ಹೆಚ್ಚು ಕಡಿಮೆ ಆದರೆ ತೊಂದರೆ. ಹೆಸರು ಹೇಳಲು ಸಂಕೋಚ, ಓದಲು ಬರುವುದಿಲ್ಲ ಅಂದರೆ ಆಕೆಯ ಗತಿ ಏನು?

ಅದಕ್ಕೇ ಹೇಳುತ್ತೇವೆ. ನಮ್ಮ ಕೇಂದ್ರದಲ್ಲಿ ಒಡಪು ಎಲ್ಲರಿಗೂ ಸೇರಿದ್ದು. ಗಂಡ ಇದ್ದವರು, ಇಲ್ಲದವರು, ಮದುವೆ ಆಗದವರು ಎಲ್ಲರೂ ಹೇಳಬಹುದು. ಗಂಡನ ಹೆಸರೇ ಆಗಬೇಕು ಎಂದೂ ಇಲ್ಲ. ಅವ್ವನ ಹೆಸರು ಹೇಳಿ:

ತೊಟ್ಟಿಲ ತೂಗಿದ ಕೈ, ಬುತ್ತಿ ಕಟ್ಟಿದ ಕೈ,
________ ನಮ್ಮವ್ವ, ಆಕಿಗೆ ಮುಗೀತೀನಿ ಕೈ.

ಮಗಳ ಹೆಸರು ಹೇಳಿ. ಗೆಳತಿಯ ಹೆಸರು ಹೇಳಿ. ಊರಿನ ಹೆಸರು ಹೇಳಿ.

7. ಒಡಪಿನಲ್ಲಿ ಇಲ್ಲದ ಹೆಸರು

ಇಲ್ಲಿಯ ತನಕ ಎಷ್ಟು ಹೆಸರು ಬಂತು? ಗಂಡನ ಹೆಸರು ಬಂತು. ಹೆಂಡತಿಯ ಹೆಸರನ್ನು ಗಂಡ ಹೇಳಿದ. ಅವ್ವನ ಹೆಸರು ಬಂತು. ಒಂದು ಹೆಸರು ಮಾತ್ರ ಬರಲಿಲ್ಲ. ಯಾವುದು?

ಒಡಪು ಹೇಳುವಾಕೆಯ ಹೆಸರು. ಆಕೆ ಎಲ್ಲರ ಹೆಸರನ್ನೂ ಹೇಳುತ್ತಾಳೆ. ತನ್ನ ಹೆಸರು ತಾನು ಹೇಳಿಕೊಳ್ಳುವುದಿಲ್ಲ. ಸೊಸೆಯಾಗಿ ಬಂದ ಮೇಲೆ ಆಕೆ ಇಂಥವರ ಸೊಸೆ, ಇಂಥವರ ಹೆಂಡತಿ, ಇಂಥವನ ಅವ್ವ. ಮೂವತ್ತು ವರ್ಷ ಒಂದೇ ಓಣಿಯಲ್ಲಿ ಇದ್ದರೂ ಆಕೆಯ ಹೆಸರು ಓಣಿಯವರಿಗೆ ಗೊತ್ತಿರುವುದಿಲ್ಲ.

ಕಾಗದದಲ್ಲಿ ಮಾತ್ರ ಕಾಲ ಬದಲಾಗಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಒಂದು ಮುಖ್ಯ ಮಾತು ಹೇಳಿತು. ಪಡಿತರ ಚೀಟಿಗೆ ಮನೆಯ ಯಜಮಾನಿ ಯಾರು? ಆ ಮನೆಯಲ್ಲಿ 18 ವರ್ಷ ತುಂಬಿದ ಹೆಣ್ಣುಮಕ್ಕಳಲ್ಲಿ ಎಲ್ಲರಿಗಿಂತ ಹಿರಿಯಳು. ಚೀಟಿಯಲ್ಲಿ ಮನೆಯ ಮುಖ್ಯಸ್ಥೆ ಎಂದು ಆಕೆಯ ಹೆಸರು ಬರಬೇಕು. 2023ರ ಆಗಸ್ಟ್‌ನಲ್ಲಿ ಕರ್ನಾಟಕ ಸರ್ಕಾರ ಗೃಹಲಕ್ಷ್ಮಿ ಯೋಜನೆ ಶುರು ಮಾಡಿತು. ತಿಂಗಳಿಗೆ 2,000 ರೂಪಾಯಿ ಎಂದು ಗೊತ್ತು ಮಾಡಿತು. ಅದೂ ಪಡಿತರ ಚೀಟಿಯಲ್ಲಿ ಮುಖ್ಯಸ್ಥೆ ಎಂದು ಇರುವ ಹೆಣ್ಣುಮಗಳ ಹೆಸರಿಗೆ.

ಕಾಯಿದೆ ನಿಮ್ಮ ಹೆಸರನ್ನು ಮೇಲೆ ಬರೆಯಿತು. ಅದನ್ನು ನೀವು ಓದಬೇಕು. ತಪ್ಪಿದ್ದರೆ ಬೆರಳಿಟ್ಟು ತೋರಿಸಬೇಕು. "ಇದು ಸಾ ಅಲ್ರಿ, ಶಾ" ಎಂದು ಹೇಳಬೇಕು. ರೊಟ್ಟಿಗೆ ಗಟ್ಟಿ ಹೊಂದುತ್ತದೆ, ಹಳ್ಳಕ್ಕೆ ರೊಟ್ಟಿ ಹೊಂದುವುದಿಲ್ಲ ಎಂದು ತಟ್ಟನೆ ಹೇಳುವ ಕಿವಿ ನಿಮ್ಮದು. ಆ ಕಿವಿಗೆ ಈಗ ಕಣ್ಣು ಜೊತೆಯಾಗಲಿ.

ಈ ಒಡಪನ್ನು ಗಟ್ಟಿಯಾಗಿ ಓದಿ. ಗೆರೆಯ ಮೇಲೆ ನಿಮ್ಮ ಹೆಸರು ಬರೆಯಿರಿ:

ಬಳಪ ಹಿಡಿದು ಬರೆದೀನಿ, ತಪ್ಪಿದ್ದರ ತಿದ್ರಿ,
________ ಅಂತ ನನ್ನ ಹೆಸರು, ಎಲ್ಲಾರೂ ಓದ್ರಿ.

8. ಬರ್ರಿ, ಆಡೋಣ

ಈ ಆಟವನ್ನು ಕೇಂದ್ರದಲ್ಲಿ ಹೀಗೆ ಆಡಿ.

ಮೊದಲು ಎಲ್ಲರೂ ಸುತ್ತ ಕೂಡಿ. ನಡುವೆ ಕರಿ ಹಲಗೆ ಅಥವಾ ಒಂದು ಪಾಟಿ ಇರಲಿ.

ಒಬ್ಬರು ಒಂದು ಪದ ಹೇಳಿ ಪಾಟಿಯ ಮೇಲೆ ಬರೆಯಲಿ. 'ಬುತ್ತಿ' ಎಂದು ಇಟ್ಟುಕೊಳ್ಳಿ.

ಪಕ್ಕದವರು ಅದಕ್ಕೆ ಹೊಂದುವ ಪದ ಹೇಳಲಿ. 'ಬತ್ತಿ' ಅನ್ನಬಹುದು. 'ಸುತ್ತಿ' ಅನ್ನಬಹುದು. 'ಹತ್ತಿ' ಅನ್ನಬಹುದು. ಹೇಳಿದವರೇ ಬರೆಯಬೇಕು. ಒತ್ತಕ್ಷರ ಬಿಟ್ಟರೆ ಲೆಕ್ಕಕ್ಕಿಲ್ಲ. ಬತ್ತಿ ಬೇರೆ, ಬತಿ ಬೇರೆ.

ಹೊಸ ಪದ ಹೊಳೆಯದಿದ್ದರೆ ಆ ಸುತ್ತು ಮುಗಿಯಿತು. ಹೊಳೆಯದವರು ಒಂದು ಒಡಪು ಹೇಳಬೇಕು. ಇದೇ ದಂಡ.

ಕೊನೆಗೆ ಎರಡು ಗುಂಪು ಮಾಡಿ. ಒಂದು ಗುಂಪು ಒಡಪಿನ ಮೊದಲ ಸಾಲು ಬರೆಯಲಿ. ಇನ್ನೊಂದು ಗುಂಪು ಎರಡನೆಯ ಸಾಲು ಬರೆಯಲಿ. ಪ್ರಾಸ ಕೂಡಿದರೆ ಎರಡನೆಯ ಗುಂಪು ಗೆದ್ದಿತು.

ಅಣ್ಣಂದಿರು ನೋಡುತ್ತಾ ಕೂಡಬೇಡಿ. ನೀವೂ ಹೇಳಬೇಕು. ಹೆಂಡತಿಯ ಹೆಸರನ್ನು ತಪ್ಪಿಲ್ಲದೆ ಬರೆದು ತೋರಿಸಬೇಕು.

ಮನೆಗೆ ಹೋಗಿ ಇನ್ನೊಂದು ಕೆಲಸ ಮಾಡಿ. ನಿಮ್ಮ ಓಣಿಯ ಹಿರಿಯ ಅಜ್ಜಿಯ ಹತ್ತಿರ ಹೋಗಿ. ಆಕೆಯಿಂದ ಒಂದು ಒಡಪು ಹೇಳಿಸಿ, ಬರೆದುಕೊಳ್ಳಿ. ಅದರ ಕೆಳಗೆ ಅಜ್ಜಿಯ ಹೆಸರು ಬರೆಯುವುದನ್ನು ಮರೆಯಬೇಡಿ. ಬರೆದದ್ದನ್ನು ಆಕೆಗೆ ಓದಿ ಹೇಳಿ.

ಅಭ್ಯಾಸ

ಅ) ಹೊಂದುವ ಪದ ಬರೆಯಿರಿ.
1. ರೊಟ್ಟಿ – ಗಟ್ಟಿ
2. ಬೆಲ್ಲ – ________
3. ಅಕ್ಕಿ – ________
4. ಹಳ್ಳ – ________
5. ಅಪ್ಪ – ________

ಆ) ಸರಿ ಇದ್ದರೆ 'ಸರಿ', ತಪ್ಪಿದ್ದರೆ 'ತಪ್ಪು' ಎಂದು ಬರೆಯಿರಿ.
1. ಪ್ರಾಸ ಅಂದರೆ ಒಂದೇ ಅಕ್ಷರ ಮತ್ತೆ ಮತ್ತೆ ಬರುವುದು. ________
2. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ. ________
3. ಸಾವು ಆದ 21 ದಿನದ ಒಳಗೆ ನೋಂದಣಿಗೆ ತಿಳಿಸಬೇಕು. ________
4. ಕಾಗದದಲ್ಲಿ ಮಲ್ಲವ್ವ, ಮಲ್ಲಮ್ಮ ಎರಡೂ ಒಂದೇ. ________

ಇ) ಮಾತಾಡಿ.
1. ನಿಮ್ಮ ಊರಿನಲ್ಲಿ ಯಾವ ಯಾವ ದಿನ ಒಡಪು ಹೇಳುತ್ತಾರೆ?
2. ಗಂಡ ತೀರಿಕೊಂಡವರಿಗೂ ಒಡಪು ಹೇಳು ಎಂದು ನಾವು ಯಾಕೆ ಕೇಳಬಾರದು?
3. ನಿಮ್ಮ ಪಕ್ಕದ ಮನೆಯ ಹೆಣ್ಣುಮಗಳ ಹೆಸರು ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಇವತ್ತೇ ಕೇಳಿ.

ಈ) ಮನೆಯಲ್ಲಿರುವ ಕಾಗದ ತೆಗೆಯಿರಿ. ಪಡಿತರ ಚೀಟಿ, ಆಧಾರ್ ಕಾರ್ಡ್, ಬ್ಯಾಂಕ್ ಪುಸ್ತಕ ಮೂರನ್ನೂ ಪಕ್ಕ ಪಕ್ಕ ಇಡಿ. ಮೂರರಲ್ಲೂ ನಿಮ್ಮ ಹೆಸರು ಹುಡುಕಿ. ಅಕ್ಷರಕ್ಕೆ ಅಕ್ಷರ ಕೂಡುತ್ತದೆಯೇ? ಕೂಡದಿದ್ದರೆ ಗುರುತು ಮಾಡಿ ಕೇಂದ್ರಕ್ಕೆ ತನ್ನಿ. ತಿದ್ದಿಸುವ ಅರ್ಜಿ ಹೇಗೆ ಬರೆಯಬೇಕು ಎಂಬುದನ್ನು ಮುಂದಿನ ಪಾಠದಲ್ಲಿ ಕಲಿಯೋಣ.

ಪದಗಳ ಅರ್ಥ
ಒಡಪು – ಪ್ರಾಸ ಕೂಡಿಸಿ ಹೇಳುವ ಮಾತು, ಒಗಟು
ಪ್ರಾಸ – ಒಂದೇ ಅಕ್ಷರ ಮತ್ತೆ ಮತ್ತೆ ಬರುವುದು
ಜೂಲ – ಎತ್ತಿನ ಬೆನ್ನ ಮೇಲೆ ಹೊದಿಸುವ ಬಟ್ಟೆ
ಕೀಲ – ಬಂಡಿಯ ಗಾಲಿ ಕಳಚದಂತೆ ಹಾಕುವ ಕಬ್ಬಿಣದ ಕಡ್ಡಿ
ಪಹಣಿ – ಹೊಲದ ವಿವರ ಇರುವ ಸರ್ಕಾರಿ ಪತ್ರ
ಮುಖ್ಯಸ್ಥೆ – ಮನೆಯ ಯಜಮಾನಿ

ಈ ಪಾಠ ಓದಿದವರ ಹೆಸರು: ________________